ದಖ್ಖನದ ಮಿನಾರುಗಳೂ ಸಿಡಿಲೂ

ಹೈದರಾಬಾದಿನ ಚಾರ್ಮಿನಾರನ್ನು ನೋಡಲು ಬರುವವರಲ್ಲಿ ಬಹುಪಾಲು ಮಂದಿ ಅದರ ನಾಲ್ಕು ಮಿನಾರುಗಳೂ ಒಂದೇ ಕಾಲದ, ಒಂದೇ ಕೈಯ ಕೆಲಸವೆಂದು ಭಾವಿಸಿಯೇ ಹಿಂದಿರುಗುತ್ತಾರೆ. ಹಾಗೆ ಭಾವಿಸುವುದಕ್ಕೆ ಕಾರಣವೂ ಉಂಟು. 1591ರಲ್ಲಿ ಮಹಮ್ಮದ್ ಕುಲಿ ಕುತುಬ್ ಶಾಹನು ತನ್ನ ಹೊಸ ನಗರದ ನಟ್ಟನಡುವೆ ನಿಲ್ಲಿಸಿದ ಈ ಸೌಧದ ನಾಲ್ಕು ಮೂಲೆಗಳೂ ಗಾರೆಯ ಹೂಬಳ್ಳಿಗಳಲ್ಲಿ, ಸುತ್ತುಮೊಗಸಾಲೆಗಳಲ್ಲಿ, ತುದಿಯ ಪುಟ್ಟ ಗುಮ್ಮಟಗಳಲ್ಲಿ ಒಂದನ್ನೊಂದು ಪಡಿಯಚ್ಚಿನಂತೆ ಹೋಲುತ್ತವೆ. ಆದರೆ ಅವುಗಳಲ್ಲಿ ನೈಋತ್ಯದ್ದು, ಎಂದರೆ ಮಕ್ಕಾ ಮಸೀದಿಯ ಕಡೆಗಿರುವ ಮಿನಾರು, ಒಮ್ಮೆ ಸಿಡಿಲು ಬಡಿದು ಚೂರುಚೂರಾಗಿ ಕೆಳಗುರುಳಿ, ಬಳಿಕ ತಡವಿಲ್ಲದೆ 60,000 ರೂಪಾಯಿಗಳ ವೆಚ್ಚದಲ್ಲಿ ಮರಳಿ ಎದ್ದುನಿಂತದ್ದು.

ಈ ಸಂಗತಿಯ ಕಾಲವನ್ನು ಹೇಳುವಲ್ಲಿ ಪುಸ್ತಕಗಳು ಒಂದು ಸಣ್ಣ ಗೊಂದಲವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತ ಬಂದಿವೆ. ಕೆಲವರು ಅದನ್ನು 1670ರಲ್ಲಿ ನಡೆದುದೆಂದು ಬರೆಯುತ್ತಾರೆ. ಮತ್ತೆ ಕೆಲವರು ಮೊಗಲ್ ಸುಬೇದಾರರ ಆಡಳಿತದಲ್ಲಿ ನಡೆದುದೆನ್ನುತ್ತಾರೆ. ಎರಡನ್ನೂ ಒಟ್ಟಿಗೆ ಹೇಳುವವರೂ ಇಲ್ಲದಿಲ್ಲ. ಎರಡೂ ಏಕಕಾಲಕ್ಕೆ ಸತ್ಯವಾಗಲಾರವು. 1670ರಲ್ಲಿ ಗೋಲ್ಕೊಂಡದ ಗಾದಿಯ ಮೇಲಿದ್ದವನು ಅಬ್ದುಲ್ಲಾ ಕುತುಬ್ ಶಾಹ. ಮೊಗಲರ ಸುಬೇದಾರಿಕೆ ಇಲ್ಲಿ ಬೇರೂರಿದ್ದು ಎಂಟು ತಿಂಗಳ ಮುತ್ತಿಗೆಯ ತರುವಾಯ, 1687ರ ಸೆಪ್ಟೆಂಬರಿನಲ್ಲಿ, ಔರಂಗಜೇಬನು ಗೋಲ್ಕೊಂಡವನ್ನು ಕೈವಶ ಮಾಡಿಕೊಂಡ ಮೇಲೆ. ರಿಪೇರಿಯ ಮೊತ್ತವನ್ನು ಹೇಳುವ ಪರಂಪರೆಯು ಸುಬೇದಾರರನ್ನೇ ನೆನೆಯುವುದರಿಂದ, 1687ಕ್ಕೂ 1724ರಲ್ಲಿ ಮೊದಲ ನಿಜಾಮನಾದ ಆಸಫ್ ಜಾಹನು ಸ್ವತಂತ್ರನಾದುದಕ್ಕೂ ನಡುವಣ ಕಾಲವೇ ಹೆಚ್ಚು ಸಂಭಾವ್ಯವೆಂದು ನಾನು ಎಣಿಸುತ್ತೇನೆ. ಹಾಗೆ ಎಣಿಸಿದಲ್ಲಿ, ದಖ್ಖನದ ಒಂದೇ ಪ್ರಸ್ಥಭೂಮಿಯ ಮೇಲೆ, ಒಂದೇ ಚಕ್ರವರ್ತಿಯ ಇಲ್ಲವೆ ಅವನ ಮಕ್ಕಳು ಮೊಮ್ಮಕ್ಕಳ ಅಧಿಕಾರಾವಧಿಯಲ್ಲಿ, ಆಕಾಶದ ಬೆಂಕಿಯು ಎರಡು ಮಹಾಸೌಧಗಳ ಮಿನಾರುಗಳನ್ನು ಕೆಡವಿತೆಂದಾಯಿತು; ಏಕೆಂದರೆ ಇನ್ನೊಂದು ಮಿನಾರು 1696ರಲ್ಲಿ ಬಿದ್ದುದು ನಮ್ಮ ಬೀದರಿನಲ್ಲಿ.

ಹೈದರಾಬಾದಿನಿಂದ ವಾಯವ್ಯಕ್ಕೆ ಸುಮಾರು 140 ಕಿಲೋಮೀಟರ್ ಹೋದರೆ ಸಿಗುವ ಬೀದರು, ಕಲಬುರಗಿ ರಾಯಚೂರುಗಳೊಡನೆ ಇನ್ನೂರು ವರ್ಷಗಳಿಗೂ ಮಿಕ್ಕಿ ನಿಜಾಮರ ಸಂಸ್ಥಾನದಲ್ಲಿದ್ದು, 1956ರ ನವೆಂಬರ್ 1ರಂದು ಕನ್ನಡನಾಡಿನೊಡನೆ ಕೂಡಿಕೊಂಡಿತು. ಆ ಊರಿನ ಪೇಟೆಯ ನಡುವೆ ಇರುವ ಮಹಮೂದ್ ಗವಾನನ ಮದರಸವನ್ನು ಕಂಡವರು ಬಲ್ಲರು: 205 ಅಡಿ ಉದ್ದ, 180 ಅಡಿ ಅಗಲದ ನೆಲೆಗಟ್ಟಿನ ಮೇಲೆ ಮೂರು ಅಂತಸ್ತುಗಳಲ್ಲಿ ಎದ್ದ ಈ ವಿದ್ಯಾಶಾಲೆ, ನಡುವಿನ ಚೌಕದ ಅಂಗಳವನ್ನು ಸುತ್ತುವರಿದ ಪಾಠಮಂದಿರಗಳೂ ವಸತಿಯ ಕೋಣೆಗಳೂ ಸೇರಿ, ಖುರಾಸಾನದ ಯಾವುದೋ ಪಟ್ಟಣದಿಂದ ಎತ್ತಿ ತಂದಿಟ್ಟಂತೆ ತೋರುತ್ತದೆ. ಅದನ್ನು 1472ರಲ್ಲಿ ಕಟ್ಟಿಸಿದವನು ಪಾರಸಿಕ ದೇಶದ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ಸುಲ್ತಾನರ ಪ್ರಧಾನಮಂತ್ರಿಯಾದ ಮಹಮೂದ್ ಗವಾನ. ಅದರ ಗ್ರಂಥಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂಬ ಖ್ಯಾತಿ ಇಂದಿಗೂ ಉಳಿದಿದೆ.

ಕಟ್ಟಡದ ಪೂರ್ವದ ಮುಖಭಾಗದ ಎರಡು ತುದಿಗಳಲ್ಲಿ ಎರಡು ಮಿನಾರುಗಳಿದ್ದುವು. ಉತ್ತರದ ತುದಿಯ ಮಿನಾರೊಂದೇ ಈಗ ಉಳಿದಿದೆ. ಸುಮಾರು 131 ಅಡಿ ಎತ್ತರದ ಅದರ ಮೈಮೇಲೆ ಅಂಕುಡೊಂಕಾದ ಪಟ್ಟೆಗಳಲ್ಲಿ ಹೊದಿಸಿದ್ದ ನೀಲಿ, ಹಸುರು, ಹಳದಿ ಬಿಲ್ಲೆಗಳು ಅಲ್ಲಲ್ಲಿ ಉದುರಿಹೋಗಿದ್ದರೂ, ಮೇಲೆ ಉಳಿದುಕೊಂಡಿರುವಷ್ಟು ಭಾಗ ಮಧ್ಯಾಹ್ನದ ಬಿಸಿಲಿನಲ್ಲಿ ಇಂದಿಗೂ ಕಣ್ಣು ಕೋರೈಸುತ್ತದೆ. ಈ ಮಿನಾರುಗಳ ಅಸ್ತಿವಾರದಲ್ಲಿ, ನೆಲದ ತೇವವು ಮೇಲಕ್ಕೇರದಂತೆ, ಕಲ್ಲುಗಳ ನಡುವೆ ಸೀಸದ ತೆಳುಹಾಳೆಗಳನ್ನು ಹಾಸಿದ್ದರೆಂದು ಹೇಳುತ್ತಾರೆ. ಕೆಳಗಿನಿಂದ ಬರುವ ನೀರಿನ ವಿಷಯದಲ್ಲಿ ಇಷ್ಟು ಮುಂದಾಲೋಚನೆ ಮಾಡಿದ ಶಿಲ್ಪಿಗಳಿಗೆ ಮೇಲಿನಿಂದ ಬರುವ ಬೆಂಕಿಯ ಪ್ರತೀಕಾರವು ತಿಳಿಯದಿದ್ದುದು ಅವರ ಅಪರಾಧವಲ್ಲ. ಆ ಕಾಲಕ್ಕೆ ಭೂಮಂಡಲದಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ.

ಮದರಸ ಮುಗಿದ ವರ್ಷವೇ ಗವಾನನ ಸೈನ್ಯವು ಬೆಳಗಾವಿಯ ಕೋಟೆಯ ಕಡೆಗೆ ನಡೆಯಿತು. ಕೋಟೆಯ ಗೋಡೆಯ ಅಡಿಯಲ್ಲಿ ಸುರಂಗ ತೋಡಿ, ಅದರಲ್ಲಿ ಕೋವಿಮದ್ದು ತುಂಬಿ ಸಿಡಿಸುವ ವಿದ್ಯೆಯನ್ನು ದಖ್ಖನದಲ್ಲಿ ಮೊದಲು ಪ್ರಯೋಗಿಸಿದ್ದು ಆ ಮುತ್ತಿಗೆಯಲ್ಲೇ ಎಂದು ಫಿರಿಶ್ತಾ ಎಂಬ ಇತಿಹಾಸಕಾರನ ಬರೆಹದಿಂದ ತಿಳಿಯುತ್ತದೆ. ವಿದ್ಯಾಮಂದಿರವನ್ನೂ ಸಿಡಿಮದ್ದಿನ ಸುರಂಗವನ್ನೂ ಹೆಚ್ಚು ಕಡಮೆ ಒಂದೇ ಉಸಿರಿನಲ್ಲಿ ದಖ್ಖನಕ್ಕೆ ಕೊಟ್ಟ ಈ ವೃದ್ಧ ಮಂತ್ರಿಯನ್ನು, 1481ರಲ್ಲಿ, ವೈರಿಗಳು ಅವನ ಮುದ್ರೆಯನ್ನು ಕಪಟದಿಂದ ಒತ್ತಿಸಿಕೊಂಡು ಸೃಷ್ಟಿಸಿದ ಒಂದು ಸುಳ್ಳು ಓಲೆಯ ಕಾರಣದಿಂದ ಸುಲ್ತಾನನು ಕೊಲ್ಲಿಸಿದನು. ಅವನ ಎರಡನೆಯ ಕೊಡುಗೆ ಮೊದಲನೆಯದನ್ನು ನುಂಗುವುದಕ್ಕೆ ಇನ್ನೂ ಇನ್ನೂರ ಹದಿನೈದು ವರ್ಷಗಳಿದ್ದುವು.

ಈ ನಡುವೆ ಬೀದರಿನವರು ಮದ್ದಿನ ಮನೆಯ ಗುಣವನ್ನು ಒಂದು ಸಾರಿ ಕಣ್ಣಾರೆ ಕಂಡಿದ್ದರು. 1657ರ ಮಾರ್ಚಿನಲ್ಲಿ, ಆಗಿನ್ನೂ ರಾಜಕುಮಾರನಾಗಿದ್ದ ಔರಂಗಜೇಬನು ಕೋಟೆಯನ್ನು ಮುತ್ತಿದಾಗ, ಕೋಟೆಯ ಪಾಲಕನಾದ ಸೀದಿ ಮರ್ಜಾನನು ಹಲವು ದಿನ ಎದೆಗೊಟ್ಟು ಕಾದನು. ಕೊನೆಗೆ ಮೊಗಲರ ಬಾಣವೊಂದು, ಎಂದರೆ ಆ ಕಾಲದ ಅಗ್ನಿಬಾಣ, ಬುರುಜಿನೊಳಗೆ ರಾಶಿಹಾಕಿದ್ದ ಮದ್ದಿನ ಮೇಲೆ ಬಿದ್ದು ಅದೆಲ್ಲ ಒಮ್ಮೆಗೇ ಸಿಡಿಯಲಾಗಿ, ಮರ್ಜಾನನು ತನ್ನ ಮಕ್ಕಳೊಡನೆ ಬೆಂದು ಸತ್ತನು, ಕೋಟೆಯೂ ಬಿತ್ತು. ಇದನ್ನು ಕಂಡ ಸೈನ್ಯವೇ, ಅದೇ ಊರಿನಲ್ಲಿ, ನಲವತ್ತು ವರ್ಷ ತುಂಬುವುದರೊಳಗೆ, ಗವಾನನ ಮದರಸವನ್ನು ಕುದುರೆ ಸವಾರರ ಬಿಡಾರವನ್ನಾಗಿ ಮಾಡಿ, ಮಿನಾರಿಗೆ ಹತ್ತಿದ ಕೋಣೆಗಳಲ್ಲಿ ಮದ್ದಿನ ಚೀಲಗಳನ್ನು ಪೇರಿಸಿತು. ನೂರಾರು ಅಡಿ ದೂರದಿಂದ ಕಾಣುವ ಎತ್ತರದ ಗೋಪುರದ ಬುಡದಲ್ಲೇ ಮದ್ದಿರಿಸುವುದಕ್ಕಿಂತ ಅಪಾಯದ ಜಾಗವನ್ನು ಇಡೀ ಬೀದರಿನಲ್ಲಿ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಅಪಾಯವೇಕೆಂಬುದನ್ನು ತಿಳಿಯಲು ಆ ಮಿನಾರಿನ ಮೇಲಿನ ಆಕಾಶವನ್ನು ಸ್ವಲ್ಪ ಹೊತ್ತು ನೋಡಬೇಕು. ಚೈತ್ರ ವೈಶಾಖಗಳ ಬೇಗೆಯಲ್ಲಿ, ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿರುವ ಬೀದರಿನ ಕೆಂಪು ಜಂಬಿಟ್ಟಿಗೆಯ ನೆಲ ಮಧ್ಯಾಹ್ನದ ಹೊತ್ತಿಗೆ ಕಾದ ಹಂಚಾಗುತ್ತದೆ. ಅದನ್ನು ಮುಟ್ಟಿದ ಗಾಳಿ ತೇವವನ್ನು ಹೊತ್ತು ಮೇಲೇರಿ, ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಕಾರ್ಮೋಡವಾಗಿ, ತಲೆಯ ಮೇಲೆ ಚಪ್ಪಟೆಯಾದ ಬಡಿಗಲ್ಲಿನಾಕಾರವನ್ನು ತಾಳುತ್ತದೆ. ಅದರ ನಡುಭಾಗದಲ್ಲಿ, ಶೂನ್ಯಕ್ಕಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗಿನ ಶೀತದಲ್ಲಿ, ಆಲಿಕಲ್ಲಿನ ಎಳಸು ಗುಳಿಗೆಗಳೂ ಹಗುರ ಹಿಮದ ಹರಳುಗಳೂ ಒಂದಕ್ಕೊಂದು ತಾಕಿ ತಾಕಿ ಬೇರೆಯಾಗುವಾಗ ವಿದ್ಯುದಂಶವು ಹಂಚಿಹೋಗುತ್ತದೆ. ಧನಾಂಶವು ಹರಳುಗಳ ಜೊತೆ ಮೇಲಕ್ಕೂ, ಋಣಾಂಶವು ಭಾರದ ಗುಳಿಗೆಗಳ ಜೊತೆ ಕೆಳಗೂ ಶೇಖರವಾಗುತ್ತವೆ. ಉದಕಮಂಡಲದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 2014ರ ಡಿಸೆಂಬರ್ 1ರಂದು ಒಂದು ಮೋಡದ ಮೂಲಕ ಹಾದ ಮ್ಯೂಯಾನ್ ಕಣಗಳನ್ನು ಲೆಕ್ಕಹಾಕಿ, ಅದರೊಳಗಿನ ವಿದ್ಯುದ್ವಿಭವವು ನೂರ ಮೂವತ್ತು ಕೋಟಿ ವೋಲ್ಟುಗಳಷ್ಟಿತ್ತೆಂದು ಕಂಡುಕೊಂಡರು.

ಇಷ್ಟು ಭಾರವನ್ನು ಹೊತ್ತ ಮೋಡದಿಂದ ಋಣಾಂಶದ ಒಂದು ಎಳೆಯು ನೆಲದ ಕಡೆಗೆ ಹೊರಡುತ್ತದೆ. ನೇರವಾಗಿ ಅಲ್ಲ, ಒಂದೊಂದು ಹೆಜ್ಜೆಗೆ ಐವತ್ತು ಮೀಟರಿನಷ್ಟು ಹಾರಿ, ಕ್ಷಣಾಂಶ ನಿಂತು, ಮತ್ತೆ ಕವಲೊಡೆದು ಹಾರಿ ಬರುತ್ತದೆ. ಅದು ಸಮೀಪಿಸಿದಂತೆ ನೆಲದ ಮೇಲೆ ಎದ್ದುನಿಂತಿರುವ ಪ್ರತಿಯೊಂದು ಮೊನೆಯೂ, ಮರ, ಗೋಪುರ, ಕಳಸ, ಬಯಲಿನಲ್ಲಿ ನಿಂತ ಕುರುಬನ ತಲೆ, ತನ್ನ ಕಡೆಯಿಂದ ಸಣ್ಣದೊಂದು ಎಳೆಯನ್ನು ಮೇಲಕ್ಕೆ ಚಾಚುತ್ತದೆ. ಯಾವ ಎಳೆ ಮೊದಲು ಕೂಡುವುದೋ ಅಲ್ಲಿಂದ ಮೂವತ್ತು ಸಾವಿರ ಆಂಪಿಯರುಗಳಷ್ಟು ಪ್ರವಾಹವು ನುಗ್ಗುತ್ತದೆ. ದಾರಿಯ ಗಾಳಿ ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಕಾಯ್ದು, ಸ್ಫೋಟಿಸಿ, ನಮಗೆ ಗುಡುಗಾಗಿ ಕೇಳಿಸುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿದ ಪ್ರತಿ ಮೂರು ಸೆಕೆಂಡುಗಳಿಗೆ ಒಂದು ಕಿಲೋಮೀಟರ್ ದೂರವೆಂದು ಇಟ್ಟುಕೊಂಡರೆ ಹೆಚ್ಚು ತಪ್ಪಾಗದು.

ಕಲ್ಲುಗಾರೆಯ ಮಿನಾರಿಗೆ ಈ ಪ್ರವಾಹವು ಬಡಿದಾಗ ಏನಾಗುತ್ತದೆ? ಒಣಕಲ್ಲು ವಿದ್ಯುತ್ತನ್ನು ಸುಲಭವಾಗಿ ಹಾಯಗೊಡದು. ಆದುದರಿಂದ ಅದು ಗಾರೆಯ ಸಂದುಗಳಲ್ಲಿ, ಮಳೆಯ ತೇವ ಇಳಿದ ಬಿರುಕುಗಳಲ್ಲಿ, ಕಲ್ಲುಗಳನ್ನು ಬಿಗಿದ ಕಬ್ಬಿಣದ ಕೊಂಡಿಗಳಿದ್ದರೆ ಅವುಗಳಲ್ಲಿ ದಾರಿ ಹುಡುಕುತ್ತದೆ. ಆ ತೇವವು ಕಣ್ಣುರೆಪ್ಪೆ ಬಡಿಯುವುದರೊಳಗೆ ಆವಿಯಾಗಿ ಹಿಗ್ಗಿ, ಗೋಡೆಯನ್ನು ಒಳಗಿನಿಂದಲೇ ಒಡೆದು ಹೊರಕ್ಕೆಸೆಯುತ್ತದೆ. ಚಾರ್ಮಿನಾರಿನ ನೈಋತ್ಯದ ಮಿನಾರು ಚೂರುಚೂರಾಯಿತೆಂದು ಹೇಳುವುದರಲ್ಲಿ ಅತ್ಯುಕ್ತಿಯಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ತುದಿಯಲ್ಲಿ ಲೋಹದ ಕಳಸವೊಂದಿದ್ದು ಅದರಿಂದ ನೆಲದವರೆಗೆ ಲೋಹದ ದಾರಿ ಇಲ್ಲದೆ ಹೋದರೆ, ಅದು ಸಿಡಿಲನ್ನು ಕರೆದು ನಡುದಾರಿಯಲ್ಲಿ ಕೈಬಿಟ್ಟಂತೆ. ಬೀದರಿನಲ್ಲಾದರೋ ಕಲ್ಲು ಒಡೆಯುವವರೆಗೆ ಕಾಯಬೇಕಾದುದೇ ಇರಲಿಲ್ಲ. ಕೋವಿಮದ್ದಿಗೆ ಮುನ್ನೂರು ಮುನ್ನೂರೈವತ್ತು ಡಿಗ್ರಿಗಳ ಶಾಖ ತಾಕಿದರೆ ಸಾಕು.

1696ರಲ್ಲಿ ಅದೇ ನಡೆಯಿತು. ಮದರಸದ ದಕ್ಷಿಣದ ಮಿನಾರು, ಮುಂಭಾಗದ ಹೆಚ್ಚಿನಂಶ, ಅದರ ಹಿಂದಿನ ಪಾಠಮಂದಿರಗಳು ಒಂದೇ ಏಟಿಗೆ ಹಾರಿಹೋದುವು. ಸ್ಫೋಟವೇನೋ ನಿಸ್ಸಂದೇಹ; ಕಿಡಿಯನ್ನಿತ್ತುದು ಸಿಡಿಲೆಂಬುದು ಊರಿನಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಆ ಮಾತನ್ನು ನಾನು ನಂಬದೆ ಇಲ್ಲ, ಏಕೆಂದರೆ ಸ್ಥಳದ ಎತ್ತರವೂ ಮೇಲೆ ಹೇಳಿದ ಪ್ರಕೃತಿನಿಯಮಗಳೂ ಅದಕ್ಕೆ ಅನುಕೂಲವಾಗಿಯೇ ಇವೆ. ಆದರೂ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ: ಮದ್ದಿನ ದಾಸ್ತಾನಿನ ಸಮೀಪದಲ್ಲಿ ಬಿಡಾರ ಮಾಡಿದ ಸವಾರರು ಅಡಿಗೆಗೆ ಒಲೆ ಹೂಡುತ್ತಾರೆ, ಹುಕ್ಕಾಕ್ಕೆ ಕೆಂಡ ತರುತ್ತಾರೆ, ರಾತ್ರಿ ದೀವಟಿಗೆ ಹಿಡಿದು ಕುದುರೆಗಳನ್ನು ನೋಡುತ್ತಾರೆ. ಇವುಗಳಲ್ಲಿ ಯಾವುದರಿಂದ ಬೆಂಕಿ ಹತ್ತಿದ್ದರೂ ಅದಕ್ಕೆ ಹೊಣೆಗಾರನೊಬ್ಬನು ಬೇಕಾಗುತ್ತದೆ. ಸಿಡಿಲಿಗೆ ಹೊಣೆಗಾರನಿಲ್ಲ, ಅದರ ಮೇಲೆ ವಿಚಾರಣೆ ಕೂರುವುದೂ ಇಲ್ಲ. ಸಿಡಿಲೇ ಬಡಿದಿದ್ದರೂ ವಿದ್ಯಾಶಾಲೆಯಲ್ಲಿ ಮದ್ದಿರಿಸಿದ ಆಜ್ಞೆ ಆಕಾಶದಿಂದ ಬಂದುದಲ್ಲ. ಅರಮನೆಯ ಚರಿತ್ರಕಾರರು ಸಾಮಾನ್ಯವಾಗಿ ದೈವಕ್ಕೆ ಹೊರಿಸುವ ಇಂತಹ ದೋಷಗಳನ್ನು ಓದುವಾಗ, ಕಿಡಿ ಯಾವುದೆಂಬುದಕ್ಕಿಂತ ಮದ್ದನ್ನು ಯಾರು ಇರಿಸಿದರೆಂಬ ಪ್ರಶ್ನೆಯೇ ಇತಿಹಾಸಕ್ಕೆ ಹೆಚ್ಚು ಹತ್ತಿರವಾದುದೆಂದು ನನಗನ್ನಿಸುತ್ತದೆ.

ಮಳೆಗೂ ಮದ್ದಿಗೂ ಆಗದೆಂಬುದು ಮೊಗಲರಿಗೆ ತಿಳಿಯದ ವಿಷಯವೇನಲ್ಲ. 1687ರ ಗೋಲ್ಕೊಂಡದ ಮುತ್ತಿಗೆಯಲ್ಲಿ, ಮುಂಗಾರಿನ ಆರಂಭದಲ್ಲಿ, ಅವರು ಕೋಟೆಯ ಅಡಿಗೆ ತೋಡಿ ತುಂಬಿದ ಸುರಂಗಗಳು ಹಿಮ್ಮುಖವಾಗಿ ಸಿಡಿದು ತಮ್ಮವರನ್ನೇ ಹೂತುಹಾಕಿದ್ದುವು. ಬಿರುಮಳೆ ಕಂದಕಗಳನ್ನು ತುಂಬಿ, ಮೋರ್ಚೆಗಳನ್ನು ಕೆಸರಿನಲ್ಲಿ ಮುಳುಗಿಸಿತ್ತು. ಅಂತಹ ಅನುಭವದಿಂದ ಅವರು ಕಲಿತದ್ದು ಮದ್ದನ್ನು ಮಳೆ ತಾಕದ ಗಟ್ಟಿ ಮಾಡಿನ ಕೆಳಗಿಡಬೇಕೆಂಬ ಪಾಠವಿರಬಹುದು. ಹಾಗಿದ್ದರೆ ಬೀದರಿನಲ್ಲಿ ಗವಾನನ ಕಮಾನು ಛಾವಣಿಗಳಿಗಿಂತ ಗಟ್ಟಿಯಾದುದು ಅವರ ಕಣ್ಣಿಗೆ ಬೀಳದಿದ್ದುದು ಆಶ್ಚರ್ಯವಲ್ಲ.

ಯುರೋಪಿನವರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರಾಗಿದ್ದರೆಂದು ಯಾರೂ ಭ್ರಮಿಸಬೇಕಾಗಿಲ್ಲ. ಗುಡುಗು ಕೇಳಿಸಿದೊಡನೆ ಚರ್ಚಿನ ಗೋಪುರ ಹತ್ತಿ ಗಂಟೆ ಬಾರಿಸಿದರೆ ಸಿಡಿಲು ಚದರಿಹೋಗುವುದೆಂದು ಅವರು ಶತಮಾನಗಳ ಕಾಲ ನಂಬಿದ್ದರು. 1784ರಲ್ಲಿ ಮ್ಯೂನಿಕ್ಕಿನಲ್ಲಿ ಅಚ್ಚಾದ ಒಂದು ಪುಸ್ತಕವು, ಅದರ ಹಿಂದಿನ ಮೂವತ್ತಮೂರು ವರ್ಷಗಳಲ್ಲಿ 386 ಗೋಪುರಗಳಿಗೆ ಸಿಡಿಲು ಬಡಿದು, ಹಗ್ಗ ಹಿಡಿದು ನಿಂತಿದ್ದ 103 ಮಂದಿ ಗಂಟೆಯವರು ಸತ್ತರೆಂದು ಲೆಕ್ಕ ಕೊಟ್ಟಿತು. ಬೀದರಿಗೆ ಎಪ್ಪತ್ತಮೂರು ವರ್ಷಗಳ ತರುವಾಯ, 1769ರ ಆಗಸ್ಟಿನಲ್ಲಿ, ಇಟಲಿಯ ಬ್ರೆಶಿಯಾ ನಗರದಲ್ಲಿ ವೆನಿಸ್ ಗಣರಾಜ್ಯದ ಮದ್ದು ತುಂಬಿದ್ದ ಗೋಪುರಕ್ಕೆ ಸಿಡಿಲು ಬಡಿದು ಊರಿನ ಒಂದು ಭಾಗವೇ ನೆಲಸಮವಾಯಿತು. ಸತ್ತವರು ಮೂರು ಸಾವಿರವೆಂದು ಸಂಪ್ರದಾಯ ಹೇಳುತ್ತದೆ. ಸಿಡಿಲನ್ನು ನೆಲಕ್ಕಿಳಿಸುವ, ಅಮೆರಿಕದ ವಿಜ್ಞಾನಿ ಫ್ರಾಂಕ್ಲಿನ್ನನ ಲೋಹದ ಸಲಾಕೆಯ ವಿಚಾರವು ಆಗಲೇ ಹದಿನೇಳು ವರ್ಷಗಳಿಗೂ ಹೆಚ್ಚು ಹಳೆಯದಾಗಿತ್ತು. ವೆನಿಸಿನವರು ಅದನ್ನು ತಮ್ಮ ಮದ್ದಿನ ಮನೆಗಳಿಗೆ ನಿಲ್ಲಿಸಿದ್ದು ಬ್ರೆಶಿಯಾ ಬೂದಿಯಾದ ಮೇಲೆ.

ನಮ್ಮಲ್ಲಿ ಗಂಟೆಯ ಬದಲು ನಾಮೋಚ್ಚಾರವಿತ್ತು. ಗುಡುಗು ಕೇಳಿದೊಡನೆ ಕನ್ನಡ ತೆಲುಗು ಸೀಮೆಗಳ ಮನೆಗಳಲ್ಲಿ ಅಜ್ಜಿಯರು ಮಕ್ಕಳನ್ನು ಒಳಕ್ಕೆಳೆದುಕೊಂಡು ಅರ್ಜುನನ ಹತ್ತು ಹೆಸರುಗಳನ್ನು ಹೇಳಿಸುವ ರೂಢಿ ಇಂದಿಗೂ ಪೂರ್ತಿ ಅಳಿದಿಲ್ಲ; ಪಾರ್ಥನು ವಜ್ರಾಯುಧದ ಒಡೆಯನಾದ ಇಂದ್ರನ ಮಗನಷ್ಟೆ, ತಂದೆಯ ಆಯುಧವು ಮಗನ ಹೆಸರಿಗೆ ಮಣಿಯದಿರುವುದೆ ಎಂಬ ಭರವಸೆ ಅದರ ಹಿಂದಿದೆ. ಆ ಹತ್ತು ಹೆಸರುಗಳನ್ನು ಮಹಾಭಾರತದಲ್ಲಿ ಅವನು ಶಮೀವೃಕ್ಷದ ಬಳಿ ಹೇಳಿದ್ದು ಗಾಬರಿಗೊಂಡ ಉತ್ತರಕುಮಾರನ ಧೈರ್ಯಕ್ಕಾಗಿ. ಹೆದರಿದ ಹುಡುಗನೊಬ್ಬನಿಗೆ ಹೇಳಿದ ಹೆಸರುಗಳು ಹೆದರಿದ ಎಲ್ಲ ಹುಡುಗರಿಗೂ ಬಂದುದು ಸಹಜವೇ. ಸಂಸ್ಕೃತ ಬಲ್ಲವರು ಜೈಮಿನಿ, ಸುಮಂತು, ವೈಶಂಪಾಯನ, ಪುಲಸ್ತ್ಯ, ಪುಲಹರೆಂಬ ಐವರು ಋಷಿಗಳನ್ನು ವಜ್ರನಿವಾರಕರೆಂದು ಸ್ಮರಿಸುತ್ತಿದ್ದರು. ಕುರಾನಿನ ಹದಿಮೂರನೆಯ ಅಧ್ಯಾಯಕ್ಕೆ ಗುಡುಗಿನದೇ ಹೆಸರು. ಗುಡುಗೂ ದೇವರ ಸ್ತುತಿಯೇ ಎಂಬ ಅದರ ಭಾವವನ್ನು ನೆನೆದು ಪ್ರಾರ್ಥಿಸುವ ವಾಡಿಕೆ ಮುಸಲ್ಮಾನರ ಮನೆಗಳಲ್ಲುಂಟು. ಮನಸ್ಸಿಗೆ ಧೈರ್ಯ ಕೊಡುವುದರಲ್ಲಿ ಇವುಗಳನ್ನು ಹಗುರವಾಗಿ ಕಾಣಲಾರೆ. ಅಜ್ಜಿ ಮಕ್ಕಳನ್ನು ಒಳಕ್ಕೆಳೆದುಕೊಂಡಳೆಂಬುದೇ ಸಿಡಿಲಿನ ವಿರುದ್ಧ ಅವಳು ಮಾಡಿದ ನಿಜವಾದ ಉಪಾಯ.

ಒಳಗಿದ್ದವರು ಬದುಕುತ್ತಾರೆ, ಬಯಲಿನಲ್ಲಿದ್ದವರ ಪಾಡು ಬೇರೆ. ಈಚಿನ ವರ್ಷಗಳಲ್ಲಿ ಭಾರತದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಬಲಿಯಾಗುತ್ತಿದ್ದು, ಅವರಲ್ಲಿ ಬಹುಮಂದಿ ಹೊಲಗೆಲಸದವರು, ದನ ಕುರಿ ಕಾಯುವವರು. ಮಳೆ ತಪ್ಪಿಸಿಕೊಳ್ಳಲು ಒಂಟಿ ಮರದಡಿಗೆ ಓಡುವುದು ಬೀದರು ಕಲಬುರಗಿಗಳ ಬಯಲುಸೀಮೆಯಲ್ಲಿ ಸಹಜ, ಏಕೆಂದರೆ ಅಲ್ಲಿ ಇರುವುದೇ ಒಂಟಿ ಮರ. ಮರಕ್ಕೆ ಬಡಿದ ಪ್ರವಾಹವು ಬುಡದಿಂದ ನೆಲದಲ್ಲಿ ಸುತ್ತಲೂ ಹರಡುವಾಗ, ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವ ಎತ್ತು ಕುರಿಗಳ ಮೈಯೊಳಗೆ, ಎದೆಯನ್ನು ಹಾಯ್ದು, ಹೆಚ್ಚು ವಿದ್ಯುತ್ತು ನುಗ್ಗುತ್ತದೆ. ಒಂದೇ ಸಿಡಿಲಿಗೆ ಮಂದೆಗೆ ಮಂದೆಯೇ ಮಲಗಿಬಿಡುವುದಕ್ಕೆ ಇದೇ ಕಾರಣ. ಮರವಿಲ್ಲದೆಡೆ ಕಾಲು ಜೋಡಿಸಿ ಕುಕ್ಕರುಗಾಲಿನಲ್ಲಿ ಕೂರಬೇಕೆಂದು ಹೇಳುವುದೂ ಇದಕ್ಕಾಗಿಯೇ. ಆದರೆ ಅದು ಬೇರೆ ದಾರಿಯಿಲ್ಲದಾಗಿನ ಮಾತು, ಮಾಡಿನ ಕೆಳಗೆ ಸೇರಲು ಸಾಧ್ಯವಿದ್ದರೆ ಅದಕ್ಕಿಂತ ಉತ್ತಮವಾದುದಿಲ್ಲ.

ಇನ್ನು ಬಿದ್ದ ಮಿನಾರುಗಳ ಗತಿ. ಹೈದರಾಬಾದು ಸುಬೆಯ ರಾಜಧಾನಿಯಾಗಿದ್ದಿತು. ಅದರ ನಡುವೀದಿಯಲ್ಲಿ ಮುರಿದ ಮಿನಾರೊಂದು ನಿಂತಿರುವುದು ಹೊಸ ಆಳರಸರ ಪ್ರತಿಷ್ಠೆಗೆ ಸಲ್ಲುವ ಮಾತಲ್ಲ. ಆದುದರಿಂದ 60,000 ರೂಪಾಯಿ ಕೂಡಲೇ ಹೊರಬಿತ್ತು. ಬಹುಕಾಲದ ಮೇಲೆ, 1824ರಲ್ಲಿ, ನಿಜಾಮರ ಕಾಲದಲ್ಲಿ ಇಡೀ ಕಟ್ಟಡಕ್ಕೆ ಲಕ್ಷ ರೂಪಾಯಿಯ ಹೊಸ ಗಾರೆಯೂ ಬಿತ್ತು. ಬೀದರಾದರೋ ಆಗ ಹಿಂದಿನ ವೈಭವದ ನೆನಪಷ್ಟೇ ಉಳಿದ ಊರು. ಅಲ್ಲಿ ಪಾಠ ಹೇಳುವವರೂ ಕೇಳುವವರೂ ಮೊದಲೇ ಚದರಿಹೋಗಿದ್ದರಾಗಿ, ಮದರಸಕ್ಕಾಗಿ ಅಂತಹ ಯಾವ ಮೊತ್ತವೂ ಹೊರಬೀಳಲಿಲ್ಲ. 1914ರಲ್ಲಿ ಹೈದರಾಬಾದ್ ಸಂಸ್ಥಾನವು ಪ್ರಾಚ್ಯವಸ್ತು ಇಲಾಖೆಯನ್ನು ಸ್ಥಾಪಿಸಿ ಗುಲಾಂ ಯಾಜ್ದಾನಿಯವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದ ಮೇಲೆ ಬೀದರಿನ ಸ್ಮಾರಕಗಳಿಗೆ ಮೊದಲ ಬಾರಿಗೆ ವಿದ್ವಾಂಸರ ಕಣ್ಣೂ ಕೈಯೂ ತಾಕಿದುವು; 1947ರಲ್ಲಿ ಯಾಜ್ದಾನಿಯವರು ಬೀದರಿನ ಇತಿಹಾಸವನ್ನೂ ಸ್ಮಾರಕಗಳನ್ನೂ ಕುರಿತ ತಮ್ಮ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಬಿದ್ದ ಮಿನಾರನ್ನು ಮಾತ್ರ ಯಾರೂ ಮತ್ತೆ ಎತ್ತಲಿಲ್ಲ.

ಎತ್ತದೆ ಬಿಟ್ಟುದೇ ಒಳ್ಳೆಯದಾಯಿತೆಂದು ನನ್ನ ಅಭಿಪ್ರಾಯ; ಇದನ್ನು ಒಪ್ಪದ ಬೀದರಿನ ಗೆಳೆಯರು ನನಗಿದ್ದಾರೆ. ಚಾರ್ಮಿನಾರಿನಲ್ಲಿ ಹಳೆಯ ಗಾರೆ ಎಲ್ಲಿ ಮುಗಿಯಿತು, ಸಿಡಿಲಿನ ತರುವಾಯದ ಗಾರೆ ಎಲ್ಲಿ ಆರಂಭವಾಯಿತೆಂಬುದು ಬರಿಗಣ್ಣಿಗೆ ತಿಳಿಯದು. 2019ರ ಮೇ ತಿಂಗಳಲ್ಲಿ ಅದರ ಒಂದು ಮಿನಾರಿನಿಂದ ಗಾರೆಯ ಅಲಂಕಾರದ ತುಂಡೊಂದು ಕಳಚಿ ಬಿದ್ದಾಗ ಮಾತ್ರ ಊರಿಗೆ ಆ ಕಟ್ಟಡವೂ ಮುಪ್ಪಾಗುತ್ತದೆಂಬುದು ಹೊಳೆದು, ನಾಲ್ಕು ದಿನ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಬೀದರಿನಲ್ಲಿ ಹಾಗಲ್ಲ. ಅಲ್ಲಿ ಸ್ಫೋಟವು ಸೀಳಿದ ಭಾಗದ ಎದುರು ನಿಂತರೆ, ಮೂರು ಅಂತಸ್ತುಗಳ ಕಮಾನುಗಳು ಒಂದರ ಮೇಲೊಂದು ಹೇಗೆ ಭಾರ ಹಂಚಿಕೊಂಡಿದ್ದುವು, ಗೋಡೆಯ ದಪ್ಪ ಎಷ್ಟು, ಬಿಲ್ಲೆಗಳ ಹಿಂದೆ ಗಾರೆಯನ್ನು ಹೇಗೆ ಬಳಿದಿದ್ದರು ಎಂಬುದನ್ನೆಲ್ಲ, ಕಟ್ಟಿದ ದಿನ ಶಿಲ್ಪಿಗಳು ಯಾರ ಕಣ್ಣಿಗೂ ಬೀಳಬಾರದೆಂದು ಮುಚ್ಚಿಟ್ಟದ್ದನ್ನೆಲ್ಲ, ವಾಸ್ತುವಿದ್ಯೆಯ ವಿದ್ಯಾರ್ಥಿಯೊಬ್ಬನು ಟಿಪ್ಪಣಿ ಪುಸ್ತಕ ಹಿಡಿದು ಅಳೆದು ಬರೆದುಕೊಳ್ಳಬಹುದು.